ಬಿಟ್ಟುದರ ಅರಿವು

ಕಳೆದ ಮಳೆಗಾಲದ ಒಂದು ಸಂಜೆ, ನೆರೆಮನೆಯ ಹುಡುಗಿಯೊಬ್ಬಳ ಉದ್ಯೋಗದ ಅರ್ಜಿಯನ್ನು ತುಂಬಿಸುವ ಸಲುವಾಗಿ, ನಮ್ಮ ಬೀದಿಯ ಕೊನೆಯಲ್ಲಿರುವ ಸೈಬರ್ ಸೆಂಟರಿನಲ್ಲಿ ಅವಳ ಜೊತೆ ಕುಳಿತಿದ್ದೆನು. ಭಾವಚಿತ್ರದ ಫೈಲು 50 ಕೆಬಿಯನ್ನೂ ಅಂಕಪಟ್ಟಿಯ ಪ್ರತಿಯು 100 ಕೆಬಿಯನ್ನೂ ಮೀರಕೂಡದೆಂಬುದು ಆ ಅರ್ಜಿಯ ಕಟ್ಟಳೆ. "ಸೈಜ್ ಇಳಿಸಿದರಾಯ್ತು ಸರ್, ಎರಡು ನಿಮಿಷದ ಕೆಲಸ" ಎಂದು ಅಂಗಡಿಯ ತರುಣನು ಎರಡು ಚಿತ್ರಗಳನ್ನೂ ಒಂದೇ ತಂತ್ರಾಂಶಕ್ಕೆ ಕೊಟ್ಟು, ಒಂದೇ ಗುಂಡಿಯನ್ನೊತ್ತಿ, ಎರಡನ್ನೂ ಕಿರಿದುಗೊಳಿಸಿದನು. ಭಾವಚಿತ್ರದಲ್ಲಿ ಕೊರತೆಯೆಂಬುದೇ ಕಾಣಲಿಲ್ಲ. ಹುಡುಗಿಯ ಮುಖ, ಹಣೆಯ ಬೊಟ್ಟು, ಮುಡಿದ ಹೂವು, ಎಲ್ಲವೂ ಇದ್ದಂತೆಯೇ ಇದ್ದವು. ಅಂಕಪಟ್ಟಿಯ ಗತಿ ಮಾತ್ರ ಬೇರೆಯಾಯಿತು. ಅಕ್ಷರಗಳ ಸುತ್ತ ಧೂಳೆರಚಿದಂತೆ ಮಸುಕು ಕವಿದು, ನೋಂದಣಿ ಸಂಖ್ಯೆಯಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯದಂತಾಗಿತ್ತು. ಕನ್ನಡದಲ್ಲಿ ಅಚ್ಚಾಗಿದ್ದ ಹೆಸರಿನ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡ ಕಪ್ಪು ಕಲೆಗಳಾಗಿ ಉಳಿದಿದ್ದವು. ವಾರ ಕಳೆಯುವುದರೊಳಗೆ, ದಾಖಲೆಯು ಅಸ್ಪಷ್ಟವಾಗಿದೆಯೆಂಬ ಕಾರಣದಿಂದ ಅರ್ಜಿಯು ಹಿಂದಿರುಗಿತು.

ಒಂದೇ ಕೈ, ಒಂದೇ ಯಂತ್ರ, ಒಂದೇ ಗುಂಡಿ. ಆದರೂ ಮುಖವು ಉಳಿದು ಅಕ್ಷರವು ಕೆಟ್ಟಿತು. ಇದೇಕೆ ಹೀಗಾಯಿತೆಂದು ಆ ಹುಡುಗಿ ಕೇಳಿದ ಪ್ರಶ್ನೆಗೆ ಆ ಸಂಜೆ ನಾನು ಕೊಟ್ಟ ಉತ್ತರವು ಅರೆಬರೆಯಾಗಿತ್ತು. ಪೂರ್ಣ ಉತ್ತರವನ್ನು ಹೇಳಬೇಕಾದರೆ, ಚಿತ್ರಗಳನ್ನು ಸಂಕೋಚಗೊಳಿಸುವ ವಿದ್ಯೆಯು ಯಾವ ತತ್ತ್ವದ ಮೇಲೆ ನಿಂತಿದೆ, ಅದು ಏನನ್ನು ಉಳಿಸಿಕೊಂಡು ಏನನ್ನು ತ್ಯಜಿಸುತ್ತದೆ ಎಂಬುದನ್ನು ಮೊದಲಿನಿಂದ ವಿವರಿಸಬೇಕಾಗುವುದು. ದಿನಕ್ಕೆ ಹತ್ತಾರು ಚಿತ್ರಗಳನ್ನು ತೆಗೆಯುವ, ಕಳುಹಿಸುವ, ಪಡೆಯುವ ನಮಗೆ ಈ ವಿಷಯದ ತಿಳಿವಳಿಕೆಯು ಅಗತ್ಯವೆಂದು ಬಗೆದು ಈ ಬರಹವನ್ನು ಅದಕ್ಕೆ ಮೀಸಲಿಟ್ಟಿದ್ದೇನೆ.

ಗಣಕದ ದೃಷ್ಟಿಯಲ್ಲಿ ಚಿತ್ರವೆಂದರೆ ಅಂಕಿಗಳ ಒಂದು ದೊಡ್ಡ ಕೋಷ್ಟಕವಲ್ಲದೆ ಬೇರೆ ಏನೂ ಅಲ್ಲ. ಸಾಧಾರಣವಾದ ಮೊಬೈಲ್ ಫೋನು ತೆಗೆಯುವ 12 ಮೆಗಾಪಿಕ್ಸೆಲ್ ಚಿತ್ರವೊಂದರಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಬಿಂದುಗಳಿರುತ್ತವೆ. ಒಂದೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಸೂಚಿಸುವ ಮೂರು ಸಂಖ್ಯೆಗಳು, ಒಂದೊಂದು ಸಂಖ್ಯೆಗೂ ಒಂದೊಂದು ಬೈಟ್. ಹೀಗೆ ಲೆಕ್ಕಹಾಕಿದರೆ ಒಂದೇ ಒಂದು ಚಿತ್ರಕ್ಕೆ 3 ಕೋಟಿ 60 ಲಕ್ಷ ಬೈಟ್‌ಗಳು, ಅಂದರೆ 36 ಎಂಬಿ ಬೇಕಾಗುವುದು. ಆದರೆ ಫೋನಿನಲ್ಲಿ ಆ ಚಿತ್ರದ ಫೈಲನ್ನು ತೆರೆದು ನೋಡಿದರೆ ಅದರ ತೂಕ ಸಾಮಾನ್ಯವಾಗಿ ಮೂರು ನಾಲ್ಕು ಎಂಬಿಯನ್ನು ದಾಟಿರುವುದಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಎಲ್ಲಿಗೆ ಹೋಯಿತು? ಹೋದದ್ದು ನಮ್ಮ ಕಣ್ಣಿಗೆ ಗೋಚರವಾಗದೆ ಹೇಗೆ ಹೋಯಿತು?

ಸಂಕೋಚನದಲ್ಲಿ ಎರಡು ಮಾರ್ಗಗಳುಂಟು. ಮೊದಲನೆಯದು, ಏನನ್ನೂ ಕಳೆದುಕೊಳ್ಳದೆ ಚಿಕ್ಕದಾಗಿ ಹೇಳುವ ಮಾರ್ಗ. ನಮ್ಮ ಮನೆಗಳ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ರಂಗೋಲಿಯನ್ನು ಹೇಳಿಕೊಡುವ ಬಗೆಯನ್ನು ನೆನೆದುಕೊಳ್ಳಿರಿ. "ಹದಿನೈದು ಚುಕ್ಕಿ, ಎಂಟಕ್ಕೆ ನಿಲ್ಲಿಸು, ಸಂದು ಚುಕ್ಕಿ" ಎಂದು ಒಬ್ಬಾಕೆ ಹೇಳಿದರೆ ಸಾಕು, ಕೇಳಿದವಳು ನಡುವೆ ಹದಿನೈದು ಚುಕ್ಕಿಯ ಸಾಲನ್ನಿಟ್ಟು, ಮೇಲೂ ಕೆಳಗೂ ಒಂದೊಂದನ್ನೇ ಕಡಮೆ ಮಾಡುತ್ತ, ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿಯನ್ನಿಡುತ್ತ, ಎಂಟು ಚುಕ್ಕಿಯ ಸಾಲಿನಲ್ಲಿ ನಿಲ್ಲಿಸುವಳು. ಎಣಿಸಿ ನೋಡಿದರೆ 169 ಚುಕ್ಕಿಗಳಾಗುತ್ತವೆ. ಎರಡು ಸಂಖ್ಯೆ ಮತ್ತು ಒಂದು ನಿಯಮ, ಇಷ್ಟರಿಂದ 169 ಚುಕ್ಕಿಗಳ ನೆಲೆಯೂ ಒಂದಿನಿತೂ ವ್ಯತ್ಯಾಸವಿಲ್ಲದೆ ಮತ್ತೊಂದು ಅಂಗಳದಲ್ಲಿ ಮೂಡುವುದು. ಇದಕ್ಕೆ ನಷ್ಟರಹಿತ ಸಂಕೋಚನವೆಂದು ಹೆಸರು.

ಇದೇ ಜಾತಿಯ ಇನ್ನೊಂದು ಉಪಾಯವು ದೇವರನಾಮಗಳ ಪುಸ್ತಕಗಳಲ್ಲಿ ನಮಗೆಲ್ಲ ಪರಿಚಿತವಾಗಿದೆ. ಪ್ರತಿ ಚರಣದ ಕೊನೆಯಲ್ಲಿಯೂ ಪಲ್ಲವಿಯನ್ನು ಮರಳಿ ಹಾಡಬೇಕೆಂಬುದು ನಿಜವಾದರೂ, ಯಾವ ಪ್ರಕಾಶಕನೂ ಅದನ್ನು ಪೂರ್ತಿಯಾಗಿ ಮತ್ತೆ ಮತ್ತೆ ಅಚ್ಚು ಮಾಡುವುದಿಲ್ಲ. ಮೊದಲ ಪದವೊಂದನ್ನು ಸೂಚನೆಯಾಗಿ ಕೊಟ್ಟು ಬಿಡುತ್ತಾನೆ, ಹಾಡುವವನು ಹಿಂದೆ ಕಂಡ ಪಲ್ಲವಿಯನ್ನು ತಾನೇ ತುಂಬಿಕೊಳ್ಳುತ್ತಾನೆ. ಇಸ್ರೇಲಿನ ವಿದ್ವಾಂಸರಾದ ಅಬ್ರಹಾಂ ಲೆಂಪೆಲ್ ಮತ್ತು ಯಾಕೋಬ್ ಝಿವ್ ಎಂಬವರು 1977 ಮತ್ತು 1978ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳ ತಿರುಳು ಇದೇ: ಒಮ್ಮೆ ಬಂದುದು ಮತ್ತೆ ಬಂದಾಗ ಅದನ್ನು ಬರೆಯಬೇಡ, ಹಿಂದೆ ಎಲ್ಲಿ ಬಂದಿತ್ತೆಂಬುದನ್ನು ಮಾತ್ರ ಬರೆ. ಟೆರ್ರಿ ವೆಲ್ಚ್ ಎಂಬಾತನು 1984ರಲ್ಲಿ ಇದನ್ನು ಪರಿಷ್ಕರಿಸಿದನು. 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಕಂಪನಿಯಲ್ಲಿ ಸ್ಟೀವ್ ವಿಲ್‌ಹೈಟ್ ಮತ್ತು ಅವರ ಸಂಗಡಿಗರು ಆ ವಿಧಾನವನ್ನೇ ಬಳಸಿ ಜಿಫ್ ಎಂಬ ಚಿತ್ರಸ್ವರೂಪವನ್ನು ಹೊರತಂದರು. ಒಂದು ಚಿತ್ರಕ್ಕೆ ಹೆಚ್ಚೆಂದರೆ 256 ಬಣ್ಣಗಳೆಂಬ ಮಿತಿ ಅದಕ್ಕೆ ಇತ್ತಾದ್ದರಿಂದ ರೇಖಾಚಿತ್ರ, ಲಾಂಛನ, ನಕ್ಷೆಗಳಿಗೆ ಅದು ಒದಗಿತೇ ಹೊರತು ಛಾಯಾಚಿತ್ರಗಳಿಗೆ ಒಗ್ಗಲಿಲ್ಲ.

ವೆಲ್ಚ್‌ನ ವಿಧಾನದ ಪೇಟೆಂಟನ್ನು ಹೊಂದಿದ್ದ ಯುನಿಸಿಸ್ ಕಂಪನಿಯು, ಜಿಫ್ ಬಳಸುವ ತಂತ್ರಾಂಶಗಳಿಗೆ ಶುಲ್ಕ ವಿಧಿಸುವುದಾಗಿ 1994ರ ಕೊನೆಯಲ್ಲಿ ಪ್ರಕಟಿಸಿದುದೇ ಒಂದು ಸತ್ಫಲಕ್ಕೆ ಕಾರಣವಾಯಿತು. ಯಾರ ಅಪ್ಪಣೆಯನ್ನೂ ಬೇಡದ, ಎಲ್ಲರಿಗೂ ಮುಕ್ತವಾದ ಸ್ವರೂಪವೊಂದನ್ನು ನಿರ್ಮಿಸಬೇಕೆಂದು ಥಾಮಸ್ ಬೌಟೆಲ್ ಮೊದಲಾದವರು 1995ರ ಆರಂಭದಲ್ಲಿಯೇ ತೊಡಗಿ, ಮರುವರ್ಷದ ಅಕ್ಟೋಬರ್ ವೇಳೆಗೆ ಪಿಎನ್‌ಜಿ ಎಂಬುದನ್ನು ಸಿದ್ಧಗೊಳಿಸಿದರು. ಬಣ್ಣಗಳ ಮಿತಿಯಿಲ್ಲದ, ಒಂದು ಬಿಂದುವನ್ನೂ ಕಳೆದುಕೊಳ್ಳದ ಈ ಸ್ವರೂಪವು ಒಂದು ಬಿಂದುವಿನ ಬೆಲೆಯನ್ನು ಅದರ ಎಡ ಮತ್ತು ಮೇಲಿನ ನೆರೆಯವುಗಳಿಂದ ಮೊದಲೇ ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಡುತ್ತದೆ. ಬಿಳಿಯ ಕಾಗದದ ಮೇಲೆ ಊಹೆ ಸದಾ ನಿಜವಾಗುವುದರಿಂದ ವ್ಯತ್ಯಾಸಗಳೆಲ್ಲ ಸೊನ್ನೆಗಳೇ. ಸೊನ್ನೆಗಳ ಸಾಲನ್ನು ಚಿಕ್ಕದಾಗಿ ಹೇಳುವುದು ಸುಲಭ.

ಆದರೆ ಈ ಮಾರ್ಗಕ್ಕೆ ಒಂದು ಎಲ್ಲೆಯುಂಟು. ಮುಖ, ಮೋಡ, ಮರಳು, ಎಲೆಗಳ ಗೊಂಚಲು ಮುಂತಾದವುಗಳಲ್ಲಿ ಯಾವ ಎರಡು ಬಿಂದುಗಳೂ ಸರಿಸಮನಾಗಿರುವುದಿಲ್ಲ, ಯಾವ ಪಲ್ಲವಿಯೂ ಇದ್ದಂತೆಯೇ ಮರಳಿ ಬರುವುದಿಲ್ಲ. ಅಂಥ ಚಿತ್ರವು ನಷ್ಟರಹಿತ ಮಾರ್ಗದಲ್ಲಿ ಅರ್ಧಕ್ಕೋ ಅದಕ್ಕಿಂತ ತುಸು ಕಡಮೆಗೋ ಇಳಿದೀತೇ ವಿನಾ ಹತ್ತರಲ್ಲೊಂದು ಪಾಲಿಗೆ ಇಳಿಯಲಾರದು. ಆಗ ಎರಡನೆಯ ಮಾರ್ಗವನ್ನು ಹಿಡಿಯಬೇಕಾಗುವುದು. ಅದು ಬಿಡುವ ಮಾರ್ಗ. ಇಡಿಯ ರಾತ್ರಿ ನಡೆಯಬೇಕಾದ ಯಕ್ಷಗಾನ ಪ್ರಸಂಗವನ್ನು ಕಾಲಮಿತಿಯ ಪ್ರದರ್ಶನವಾಗಿ ಮೂರು ಗಂಟೆಗೆ ಇಳಿಸುವ ಭಾಗವತನು ಕಥೆಯನ್ನು ಕೆಡಿಸದೆ, ನೋಡುವವನಿಗೆ ಕೊರತೆಯೆನಿಸದ ಹಾಗೆ, ಪದ್ಯಗಳನ್ನು ಆರಿಸಿ ಬಿಡುತ್ತಾನಷ್ಟೆ. ಅವನು ಬಿಡುವುದು ಬುದ್ಧಿಪೂರ್ವಕವಾಗಿ. ಬಿಟ್ಟದ್ದು ಮಾತ್ರ ಆ ರಾತ್ರಿಯ ಮಟ್ಟಿಗೆ ಮರಳಿ ದೊರೆಯದು. ಛಾಯಾಚಿತ್ರದಲ್ಲಿ ಏನನ್ನು ಬಿಟ್ಟರೆ ಕಣ್ಣು ಅರಿಯದೆಂಬುದನ್ನು ಗಣಿತದಿಂದ ಕಂಡುಹಿಡಿಯುವ ವಿದ್ಯೆಗೆ ಅಡಿಗಲ್ಲನ್ನು ಇಟ್ಟವನು ಒಬ್ಬ ಬೆಂಗಳೂರಿನವನೆಂಬುದು ನಮ್ಮ ನಾಡಿನಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ನಾಸಿರ್ ಅಹಮದ್ ಅವರು ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. 1917ರಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಆರಂಭವಾಗಿ ಇಂದು ಅವರ ಹೆಸರನ್ನೇ ಹೊತ್ತಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1961ರಲ್ಲಿ ಪದವಿಯನ್ನು ಪಡೆದು, ಅಮೆರಿಕಕ್ಕೆ ತೆರಳಿ, ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಡಾಕ್ಟರೇಟನ್ನು ಗಳಿಸಿ, ಬಳಿಕ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಸಂಕೇತಗಳನ್ನು ಕೊಸೈನ್ ಎಂಬ ಅಲೆಗಳ ಮೊತ್ತವಾಗಿ ಬಿಡಿಸಿದರೆ ಅತಿ ಕಡಮೆ ಸಂಖ್ಯೆಗಳಲ್ಲಿ ಅವನ್ನು ಹಿಡಿದಿಡಬಹುದೆಂಬ ಭಾವನೆ ಅವರಿಗೆ ಹೊಳೆಯಿತು. ಇದನ್ನು ಪರಿಶೀಲಿಸಲು ಧನಸಹಾಯ ಬೇಕೆಂದು 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದುಕೊಂಡರೆ, ಮನವಿಯು ತಿರಸ್ಕೃತವಾಯಿತು. ಈ ಕಲ್ಪನೆಯು ತೀರ ಸರಳವಾಗಿ ಕಾಣುತ್ತದೆಂಬ ಅರ್ಥದಲ್ಲಿ ಒಬ್ಬ ವಿಮರ್ಶಕನು ಅಭಿಪ್ರಾಯ ಬರೆದಿದ್ದನೆಂದು ಅಹಮದ್ ಅವರೇ ಎಷ್ಟೋ ವರ್ಷಗಳ ಮೇಲೆ ನೆನೆದಿದ್ದಾರೆ.

ಸಹಾಯ ದೊರೆಯದಿದ್ದರೂ ಕೆಲಸವನ್ನು ಅವರು ಕೈಬಿಡಲಿಲ್ಲ. 1973ರ ಬೇಸಿಗೆಯನ್ನೆಲ್ಲ ಇದಕ್ಕೇ ಮುಡಿಪಾಗಿಟ್ಟು, ತಮ್ಮ ಶಿಷ್ಯರಾದ ಟಿ. ನಟರಾಜನ್ ಮತ್ತು ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಕೆ. ಆರ್. ರಾವ್ ಅವರೊಡನೆ ಸೇರಿ ದುಡಿದರು. ದೊರೆತ ಫಲಿತಾಂಶಗಳು ನಂಬಲಾರದಷ್ಟು ಚೆನ್ನಾಗಿದ್ದವು. ಮೂವರ ಹೆಸರಿನಲ್ಲಿ 1974ರ ಜನವರಿಯಲ್ಲಿ ಗಣಕ ವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಆ ಪ್ರಬಂಧದ ವಿಸ್ತಾರ ನಾಲ್ಕೇ ಪುಟ. ಇಂದು ಭೂಮಂಡಲದಲ್ಲಿ ತೆಗೆಯುವ ಛಾಯಾಚಿತ್ರಗಳ ಬಹುಭಾಗವೂ, ನೋಡುವ ವಿಡಿಯೋಗಳ ಬಹುಭಾಗವೂ ಆ ನಾಲ್ಕು ಪುಟಗಳ ಋಣವನ್ನು ಹೊತ್ತಿವೆಯೆಂದರೆ ಅತಿಶಯೋಕ್ತಿಯಾಗದು. ಸರಳವೆಂಬ ಕಾರಣಕ್ಕೆ ತಿರಸ್ಕೃತವಾದುದು ಸರಳವಾಗಿದ್ದುದರಿಂದಲೇ ಲೋಕವನ್ನು ವ್ಯಾಪಿಸಿತು.

ಆ ಗಣಿತವು ಮಾಡುವ ಕೆಲಸವನ್ನು ತುಸು ಹತ್ತಿರದಿಂದ ನೋಡೋಣ. ಚಿತ್ರವನ್ನು ಮೊದಲು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಚೌಕದಲ್ಲಿಯೂ ಚದುರಂಗದ ಹಾಸಿನಂತೆ ಎಂಟು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 64 ಬಿಂದುಗಳು. ಮೇಲೆ ಹೇಳಿದ ಫೋನಿನ ಚಿತ್ರದಲ್ಲಿ ಇಂಥ 1,87,500 ಚೌಕಗಳಾಗುತ್ತವೆ. ಇನ್ನು 64 ಮೂಲವಿನ್ಯಾಸಗಳನ್ನು ಕಲ್ಪಿಸಿಕೊಳ್ಳಿರಿ. ಮೊದಲನೆಯದು ಚೌಕದ ತುಂಬ ಒಂದೇ ಸಮನಾದ ಬೆಳಕು. ಎರಡನೆಯದು ಎಡದಿಂದ ಬಲಕ್ಕೆ ನಿಧಾನವಾಗಿ ಕಂದುವ ಬೆಳಕು. ಹೀಗೆ ಅಲೆಗಳು ಕ್ರಮಕ್ರಮವಾಗಿ ದಟ್ಟವಾಗುತ್ತ ಹೋಗಿ, ಅರುವತ್ತನಾಲ್ಕನೆಯದು ಚದುರಂಗದ ಹಾಸಿನಂತೆಯೇ ಮನೆಮನೆಗೂ ಕಪ್ಪು ಬಿಳುಪು ಬದಲಾಗುವ ಅತ್ಯಂತ ಸೂಕ್ಷ್ಮವಾದ ನೇಯ್ಗೆ. ಚಿತ್ರದ ಯಾವ ಚೌಕವನ್ನೇ ತೆಗೆದುಕೊಂಡರೂ ಈ 64 ವಿನ್ಯಾಸಗಳನ್ನು ಇಂತಿಂಥ ಪ್ರಮಾಣದಲ್ಲಿ ಬೆರೆಸಿ ಅದನ್ನು ನಿರ್ಮಿಸಬಹುದು. ಪ್ರತಿಯೊಂದರ ಪ್ರಮಾಣ ಎಷ್ಟೆಂಬುದನ್ನು ಹೇಳುವುದೇ ಅಹಮದ್ ಅವರ ಪರಿವರ್ತನೆಯ ಕಾರ್ಯ. ಇದರಲ್ಲಿ ಸಂಖ್ಯೆಗಳೇನೂ ಕಡಮೆಯಾಗಲಿಲ್ಲ; 64 ಹೋಗಿ 64 ಬಂದವು. ಆದರೆ ಮುಖದ ಕೆನ್ನೆಯಂಥ, ಆಕಾಶದಂಥ ನಯವಾದ ಭಾಗದಲ್ಲಿ ಮೊದಲ ನಾಲ್ಕಾರು ಸಂಖ್ಯೆಗಳು ಮಾತ್ರ ದೊಡ್ಡವಾಗಿ, ಉಳಿದವೆಲ್ಲ ಸೊನ್ನೆಯ ಆಸುಪಾಸಿನಲ್ಲಿ ಉಳಿಯುತ್ತವೆ. ಚೌಕದಲ್ಲೆಲ್ಲ ಹರಡಿಕೊಂಡಿದ್ದ ಸಾರವು ಒಂದು ಮೂಲೆಗೆ ಬಂದು ಕೂಡುತ್ತದೆ.

ಬಿಡುವ ಕೆಲಸವು ಇಲ್ಲಿಂದ ಮುಂದೆ. ಒಂದೊಂದು ಸಂಖ್ಯೆಯನ್ನೂ ಅದಕ್ಕೆಂದು ಗೊತ್ತುಪಡಿಸಿದ ಒಂದು ಭಾಜಕದಿಂದ ಭಾಗಿಸಿ, ಬಂದ ಭಾಗಲಬ್ಧವನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಮಾಡುತ್ತಾರೆ. ಕಣ್ಣು ಬೇಗ ಗ್ರಹಿಸುವ ನಿಧಾನದ ಅಲೆಗಳಿಗೆ ಚಿಕ್ಕ ಭಾಜಕ, ಕಣ್ಣು ಉಪೇಕ್ಷಿಸುವ ದಟ್ಟ ಅಲೆಗಳಿಗೆ ದೊಡ್ಡ ಭಾಜಕ. ಮುಂದೆ ಹೇಳಲಿರುವ ಜೆಪೆಗ್ ಮಾನದಂಡದ ಗ್ರಂಥದಲ್ಲಿ ಉದಾಹರಣೆಗಾಗಿ ಕೊಟ್ಟಿರುವ ಕೋಷ್ಟಕದಲ್ಲಿ ಮೊದಲ ಮನೆಯ ಭಾಜಕ 16, ಕೊನೆಯ ಮನೆಯ ಭಾಜಕ 99. ಮೊದಲ ಮನೆಯ ಸಂಖ್ಯೆ 330 ಆಗಿದ್ದರೆ ಅದು 16ರಿಂದ ಭಾಗಿಸಲ್ಪಟ್ಟು 21 ಎಂದು ಉಳಿಯುವುದು. ಚಿತ್ರವನ್ನು ತೆರೆಯುವಾಗ ಅದನ್ನು 16ರಿಂದ ಗುಣಿಸಿದರೆ 336 ದೊರೆಯುವುದು, ಆರರ ವ್ಯತ್ಯಾಸ ಯಾರಿಗೂ ಕಾಣದು. ಕೊನೆಯ ಮನೆಯ ಸಂಖ್ಯೆ 30 ಆಗಿದ್ದರೆ ಅದು 99ರ ಮುಂದೆ ಸೊನ್ನೆಯಾಗುವುದು. ಆ ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ 30 ಹಿಂದಿರುಗಲಾರದು. ನಷ್ಟವು ಸಂಭವಿಸುವ ಮುಖ್ಯ ಸ್ಥಳ ಇದೇ. ತಂತ್ರಾಂಶದಲ್ಲಿ ಗುಣಮಟ್ಟವೆಂದು ಬರೆದ ಜಾರುಪಟ್ಟಿಯನ್ನು ನಾವು ಎಡಕ್ಕೆ ಎಳೆದಾಗಲೆಲ್ಲ ಈ ಭಾಜಕಗಳನ್ನು ಹಿಗ್ಗಿಸುತ್ತಿದ್ದೇವೆ, ಇನ್ನಷ್ಟು ಸಂಖ್ಯೆಗಳನ್ನು ಸೊನ್ನೆಗೆ ದೂಡುತ್ತಿದ್ದೇವೆ.

ಉಳಿದ ಸಂಖ್ಯೆಗಳನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ, ಆಚೆ ಈಚೆ ಹೊರಳುತ್ತ, ನಮ್ಮ ಆಲಂಕಾರಿಕರು ಚಿತ್ರಕಾವ್ಯದಲ್ಲಿ ಗೋಮೂತ್ರಿಕೆಯೆಂದು ಕರೆದ ಅಂಕುಡೊಂಕಿನ ನಡೆಯಲ್ಲಿ ಓದಿದರೆ, ದೊಡ್ಡವೆಲ್ಲ ಮುಂದೆ ಬಂದು ಸೊನ್ನೆಗಳೆಲ್ಲ ಸಾಲಾಗಿ ಹಿಂದೆ ಉಳಿಯುತ್ತವೆ. ಇನ್ನು ಮುಂದೆ ಎಲ್ಲವೂ ಸೊನ್ನೆಯೆಂಬ ಒಂದು ಗುರುತಿನಿಂದ ಆ ಸಾಲು ಮುಗಿದುಹೋಗುವುದು. ಮಿಕ್ಕುದಕ್ಕೆ ಡೇವಿಡ್ ಹಫ್‌ಮನ್ ಎಂಬಾತನ ಸಂಕೇತಕ್ರಮವನ್ನು ತೊಡಿಸುತ್ತಾರೆ. ಎಂಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, ಗುರುಗಳಾದ ರಾಬರ್ಟ್ ಫ್ಯಾನೋ ಕೊಟ್ಟ ಪ್ರಬಂಧಕ್ಕಾಗಿ ಆತನು ಕಂಡುಹಿಡಿದು 1952ರಲ್ಲಿ ಪ್ರಕಟಿಸಿದ ಕ್ರಮವದು. ದಿನಕ್ಕೆ ನೂರು ಸಲ ಕರೆಯಬೇಕಾದ ಮಗುವಿಗೆ ಮನೆಯವರು ಎರಡಕ್ಷರದ ಮುದ್ದಿನ ಹೆಸರನ್ನಿಟ್ಟು, ಉದ್ದವಾದ ನಾಮಧೇಯವನ್ನು ಶುಭಕಾರ್ಯದ ಸಂಕಲ್ಪಕ್ಕೆ ಮೀಸಲಿಡುವಂತೆ, ಮೇಲಿಂದ ಮೇಲೆ ಬರುವ ಸಂಖ್ಯೆಗೆ ಅತಿ ಚಿಕ್ಕ ಸಂಕೇತ, ಅಪರೂಪದ ಸಂಖ್ಯೆಗೆ ಉದ್ದವಾದ ಸಂಕೇತ.

ಇವೆಲ್ಲಕ್ಕೂ ಮೊದಲೇ ಬಣ್ಣದಲ್ಲಿ ಒಂದು ಉಳಿತಾಯವು ನಡೆದಿರುತ್ತದೆ. ಬೆಳಕಿನ ಏರಿಳಿತವನ್ನು ನಮ್ಮ ಕಣ್ಣು ಸೂಕ್ಷ್ಮವಾಗಿ ಗ್ರಹಿಸುವಂತೆ ಬಣ್ಣದ ಏರಿಳಿತವನ್ನು ಗ್ರಹಿಸಲಾರದು. ಆದುದರಿಂದ ಕೆಂಪು, ಹಸಿರು, ನೀಲಿಗಳನ್ನು ಬೆಳಕಿನ ಒಂದು ಸಂಖ್ಯೆ, ಬಣ್ಣದ ಎರಡು ಸಂಖ್ಯೆಗಳಾಗಿ ಮಾರ್ಪಡಿಸಿ, ಬೆಳಕನ್ನು ಪ್ರತಿ ಬಿಂದುವಿಗೂ ಉಳಿಸಿಕೊಂಡು, ಬಣ್ಣವನ್ನು ನಾಲ್ಕು ಬಿಂದುಗಳಿಗೆ ಒಂದರಂತೆ ಹಂಚುತ್ತಾರೆ. ನಾಲ್ಕು ಬಿಂದುಗಳಿಗೆ ಬೇಕಾಗಿದ್ದ ಹನ್ನೆರಡು ಸಂಖ್ಯೆಗಳು ಹೀಗೆ ಆರಕ್ಕೆ ಇಳಿಯುತ್ತವೆ. ಅರ್ಧ ಭಾರವು ಕಣ್ಣಿಗೆ ಹೆಚ್ಚು ಗೊತ್ತಾಗದೆ ಇಳಿದುಹೋಗುತ್ತದೆ.

ಈ ಎಲ್ಲ ಉಪಾಯಗಳನ್ನೂ ಒಂದು ಶಾಸ್ತ್ರವಾಗಿ ಕೂಡಿಸಿದುದು 1986ರಲ್ಲಿ ರಚಿತವಾದ ಛಾಯಾಚಿತ್ರ ತಜ್ಞರ ಜಂಟಿ ಮಂಡಳಿ. ಆ ಮಂಡಳಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಜೆಪೆಗ್ ಎಂದಾದವು. ಅವರ ಮುಂದೆ ಹನ್ನೆರಡು ವಿಧಾನಗಳು ಪರಿಶೀಲನೆಗೆ ಬಂದಿದ್ದವು. ಯಾವ ಚಿತ್ರ ಯಾವ ವಿಧಾನದ್ದೆಂಬುದನ್ನು ತಿಳಿಸದೆ ಮನುಷ್ಯರ ಕಣ್ಣಿಗೇ ಚಿತ್ರಗಳನ್ನು ತೋರಿಸಿ, 1987ರಲ್ಲಿ ಅವುಗಳಿಂದ ಮೂರನ್ನು ಆರಿಸಿ, 1988ರ ಜನವರಿಯಲ್ಲಿ ಅಹಮದ್ ಅವರ ಪರಿವರ್ತನೆಯನ್ನು ಆಧರಿಸಿದ ವಿಧಾನವೇ ಉತ್ತಮವೆಂದು ಗೊತ್ತುಮಾಡಿದರು. 1992ರಲ್ಲಿ ಅದು ಅಂತಾರಾಷ್ಟ್ರೀಯ ಮಾನದಂಡವಾಯಿತು. ಈ ಆಯ್ಕೆಯ ರೀತಿಯಲ್ಲಿಯೇ ಜೆಪೆಗ್‌ನ ಸ್ವಭಾವವು ಅಡಗಿದೆಯೆಂದು ನನ್ನ ಭಾವನೆ. ಅದು ಮನುಷ್ಯನ ಕಣ್ಣಿಗಾಗಿ, ಕಣ್ಣಿನ ದೌರ್ಬಲ್ಯವನ್ನು ಆಧಾರವಾಗಿಟ್ಟುಕೊಂಡು, ಪ್ರಕೃತಿಯ ದೃಶ್ಯಗಳಿಗಾಗಿ ಹುಟ್ಟಿದ ವಿದ್ಯೆ.

ಈಗ ಅಂಕಪಟ್ಟಿಗೆ ಹಿಂದಿರುಗೋಣ. ಮುಖದ ಮೇಲೆ ಬೆಳಕು ಮೆಲ್ಲಮೆಲ್ಲನೆ ಬದಲಾಗುವುದರಿಂದ ಕೆಲವೇ ನಿಧಾನದ ಅಲೆಗಳಿಂದ ಅದು ತೃಪ್ತವಾಗುತ್ತದೆ. ಅಕ್ಷರದ ಅಂಚು ಹಾಗಲ್ಲ. ಬಿಳಿಯ ಕಾಗದವು ಒಂದೇ ಹೆಜ್ಜೆಯಲ್ಲಿ ಕಪ್ಪು ಮಸಿಯಾಗುವ ಆ ಎಲ್ಲೆಯನ್ನು ಅಲೆಗಳಿಂದ ಕಟ್ಟಬೇಕಾದರೆ ನಿಧಾನದ ಅಲೆಗಳಿಂದ ಮೊದಲ್ಗೊಂಡು ಅತಿ ದಟ್ಟವಾದ ಅಲೆಗಳವರೆಗೆ ಬಹುಪಾಲು ಎಲ್ಲವೂ ಬೇಕು. ದಟ್ಟವಾದವನ್ನು ತೆಗೆದುಹಾಕಿದೊಡನೆ, ಅವು ತಗ್ಗಿಸಿ ಸರಿಹೊಂದಿಸುತ್ತಿದ್ದ ಉಳಿದ ಅಲೆಗಳು ಅಂಚಿನ ಈಚೆಗೂ ಆಚೆಗೂ ತುಳುಕಿ, ಖಾಲಿಯಿರಬೇಕಾದ ಬಿಳಿಯಲ್ಲಿ ಬೂದುಬಣ್ಣದ ತೆರೆಗಳಾಗಿ ಕಾಣಿಸಿಕೊಳ್ಳುತ್ತವೆ. ಅಂಕಪಟ್ಟಿಯಲ್ಲಿ ಅಕ್ಷರಗಳ ಸುತ್ತ ಧೂಳಿನಂತೆ ಕಂಡುದು ಇದೇ. ರೋಮನ್ ಲಿಪಿಗೆ ಹೋಲಿಸಿದರೆ ನಮ್ಮ ಲಿಪಿಗೆ ಇದರಿಂದ ಆಗುವ ಹಾನಿ ಹೆಚ್ಚು. ಏಕೆಂದರೆ ಕನ್ನಡದಲ್ಲಿ ಪಕಾರವನ್ನು ಷಕಾರದಿಂದ ಬೇರೆ ಮಾಡುವುದು ಒಳಗಿನ ಒಂದು ಗೆರೆ, ದಕಾರವನ್ನು ಧಕಾರದಿಂದ ಬೇರೆ ಮಾಡುವುದು ಕೆಳಗಿನ ಒಂದು ಸೀಳು. ಅರ್ಥವು ಸೂಜಿಯ ಮೊನೆಯಷ್ಟು ಜಾಗದಲ್ಲಿ ನಿಂತಿರುವಲ್ಲಿ, ಸೂಕ್ಷ್ಮವು ಅಮುಖ್ಯವೆಂಬ ತತ್ತ್ವವು ಸಲ್ಲುವುದಿಲ್ಲ.

ಮಸುಕಾದರೆ ಮಸುಕಾಗಿದೆಯೆಂದಾದರೂ ತಿಳಿಯುವುದು. ತಪ್ಪಾದುದು ಸ್ಪಷ್ಟವಾಗಿ ಕಂಡರೆ ಗತಿಯೇನು? ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಸೆಲ್ 2013ರಲ್ಲಿ ಕಟ್ಟಡವೊಂದರ ನಕ್ಷೆಯನ್ನು ಕಚೇರಿಯ ನಕಲು ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ, ಮೂರು ಬೇರೆ ಬೇರೆ ಕೋಣೆಗಳ ವಿಸ್ತೀರ್ಣವು ಮೂರರಲ್ಲಿಯೂ 14.13 ಚದರ ಮೀಟರ್ ಎಂದೇ ಬಂದಿತು. ಮೂಲದಲ್ಲಿ ಒಂದು 21.11, ಇನ್ನೊಂದು 17.42 ಇದ್ದಿತು. ಆ ಯಂತ್ರದೊಳಗೆ ಜೆಬಿಗ್2 ಎಂಬ ಬೇರೊಂದು ಸಂಕೋಚನಕ್ರಮವಿತ್ತು. ಒಂದನ್ನೊಂದು ಹೋಲುವ ಆಕಾರಗಳನ್ನು ಒಂದೇ ಎಂದು ಬಗೆದು, ಒಂದರ ಅಚ್ಚನ್ನೇ ಎಲ್ಲ ಕಡೆಯೂ ಕೂರಿಸುವುದು ಅದರ ರೀತಿ. 6 ಇದ್ದಲ್ಲಿ 8 ಬಂದು ಕುಳಿತರೂ ಆ 8 ಅಚ್ಚುಕಟ್ಟಾಗಿ, ಕಲೆಯಿಲ್ಲದೆ, ಸಂದೇಹಕ್ಕೆ ಎಡೆಗೊಡದಂತೆ ಕಾಣುತ್ತಿತ್ತು. ತಯಾರಕರು ಬಳಿಕ ತಂತ್ರಾಂಶವನ್ನು ಸರಿಪಡಿಸಿದರು. ಆದರೆ ಅದಕ್ಕೆ ಮುನ್ನ ಹಾಗೆ ಸ್ಕ್ಯಾನ್ ಆದ ಕಾಗದಗಳ ಮೂಲವನ್ನು ನಾಶಮಾಡಿದ್ದರೆ, ಯಾವ ಅಂಕಿ ನಿಜ, ಯಾವುದು ಯಂತ್ರದ ಊಹೆ ಎಂಬುದನ್ನು ನಿರ್ಧರಿಸುವ ಉಪಾಯವೇ ಉಳಿಯುತ್ತಿರಲಿಲ್ಲ.

ನಷ್ಟದ ಇನ್ನೊಂದು ಬಗೆ ನಿಧಾನವಾದುದು. ಸಂದೇಶಗಳ ಮೂಲಕ ಒಬ್ಬರಿಂದೊಬ್ಬರಿಗೆ ದಾಟುವ ಚಿತ್ರವನ್ನು ಒಬ್ಬರು ಕತ್ತರಿಸಿ ಉಳಿಸುತ್ತಾರೆ, ಮತ್ತೊಬ್ಬರು ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ಮಗದೊಬ್ಬರು ಮೇಲೆ ಎರಡಕ್ಷರ ಸೇರಿಸುತ್ತಾರೆ. ಪ್ರತಿ ಸಲವೂ ಚಿತ್ರವು ಹೊಸದಾಗಿ ಭಾಗಿಸಲ್ಪಟ್ಟು, ಪೂರ್ಣಾಂಕಕ್ಕೆ ಸರಿಮಾಡಲ್ಪಟ್ಟು, ಹಿಂದಿನ ನಷ್ಟದ ಮೇಲೆ ಹೊಸ ನಷ್ಟವು ಕೂಡುತ್ತದೆ. ಕೊನೆಗೆ ಕೆನ್ನೆಯ ಮೇಲೂ ಆಕಾಶದ ಮೇಲೂ ಆ ಎಂಟೆಂಟು ಮನೆಯ ಚೌಕಗಳ ಗಡಿಗೆರೆಗಳು ಹೆಂಚು ಹಾಸಿದಂತೆ ಎದ್ದು ತೋರುತ್ತವೆ. ಅಜ್ಜಿಯ ಭಾವಚಿತ್ರವೊಂದು ಕುಟುಂಬದ ನಾಲ್ಕಾರು ಮೊಬೈಲುಗಳನ್ನು ಸುತ್ತಿ, ಅವಳ ವೈಕುಂಠ ಸಮಾರಾಧನೆಗೆ ದೊಡ್ಡದಾಗಿ ಅಚ್ಚು ಹಾಕಿಸಲು ಸ್ಟುಡಿಯೋಕ್ಕೆ ಬಂದಾಗ, ಮೊದಲ ಪ್ರತಿ ಯಾರಲ್ಲಿದೆಯೆಂದು ಬಂಧುಗಳೆಲ್ಲ ಹುಡುಕಾಡುವುದನ್ನು ನಾನು ಕಂಡಿದ್ದೇನೆ.

ಜೆಪೆಗ್‌ಗೆ ಉತ್ತರಾಧಿಕಾರಿಗಳು ಹುಟ್ಟಿಲ್ಲವೆಂದಲ್ಲ. ಅಲೆಗಳಿಗೆ ಬದಲಾಗಿ ವೇವ್ಲೆಟ್ ಎಂಬ ತರಂಗಿಕೆಗಳನ್ನು ಬಳಸಿ ರೂಪಿಸಿದ ಜೆಪೆಗ್ 2000 ಡಿಜಿಟಲ್ ಸಿನಿಮಾದ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಸ್ಥಾನ ಪಡೆಯಿತು. ಗೂಗಲ್ 2010ರಲ್ಲಿ ವೆಬ್‌ಪಿಯನ್ನು ಹೊರತಂದಿತು. ಆಪಲ್ ತನ್ನ ಫೋನುಗಳಲ್ಲಿ 2017ರಿಂದ ಎಚ್ಇಐಸಿಯನ್ನು ಬಳಕೆಗೆ ತಂದಿತು. 2019ರಲ್ಲಿ ಎವಿಐಎಫ್ ಬಂದಿತು. ಈ ಕೊನೆಯ ಮೂರೂ ವಿಡಿಯೋ ಸಂಕೋಚನದ ವಿದ್ಯೆಯಿಂದ ಹುಟ್ಟಿದವು. ನೆರೆಯ ಚೌಕಗಳಿಂದ ಊಹಿಸಿ ವ್ಯತ್ಯಾಸವನ್ನು ಮಾತ್ರ ಪರಿವರ್ತಿಸುವುದರಿಂದ ಕಡಮೆ ಜಾಗದಲ್ಲಿ ಹೆಚ್ಚು ಸೊಗಸನ್ನು ಉಳಿಸಿಕೊಳ್ಳುತ್ತವೆ. ಹಳೆಯ ಜೆಪೆಗ್ ಫೈಲನ್ನು ಹೊಸ ನಷ್ಟವಿಲ್ಲದೆ ಸುಮಾರು ಐದನೆಯ ಒಂದು ಪಾಲಿನಷ್ಟು ಕಿರಿದುಮಾಡಿ, ಬೇಕೆಂದಾಗ ಅದೇ ಫೈಲನ್ನು ಮರಳಿ ಕೊಡಬಲ್ಲ ಜೆಪೆಗ್ ಎಕ್ಸ್‌ಎಲ್ ಕೂಡ ಸಿದ್ಧವಾಗಿದೆ. ಆದರೂ ಎಲ್ಲ ಯಂತ್ರಗಳೂ ಓದಬಲ್ಲ, ಯಾವ ಕಚೇರಿಯೂ ತಿರಸ್ಕರಿಸದ ಸ್ವರೂಪವೆಂಬ ಹಿರಿಮೆಯು ಮೂವತ್ತು ವರ್ಷಗಳನ್ನು ದಾಟಿದ ಹಳೆಯ ಜೆಪೆಗ್‌ಗೇ ಉಳಿದಿದೆ.

ಯಾವುದು ಹೊಸದು, ಯಾವುದು ಹಳೆಯದು ಎಂಬುದಕ್ಕಿಂತ ಮುಖ್ಯವಾದ ವಿವೇಕ ಬೇರೊಂದಿದೆ. ಶಾಸನಗಳನ್ನು ಓದುವ ವಿದ್ವಾಂಸರು ಕಲ್ಲಿನ ಮೇಲೆ ಒದ್ದೆಯ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ, ಮಸಿಯನ್ನು ಲೇಪಿಸಿ ಪಡಿಯಚ್ಚನ್ನು ತೆಗೆಯುವಾಗ, ಅಕ್ಷರಗಳನ್ನು ಮಾತ್ರ ತೆಗೆದುಕೊಂಡು ಬಿರುಕುಗಳನ್ನು ಬಿಡುವುದಿಲ್ಲ. ಕಲ್ಲಿನ ಮೇಲಿನ ಗೀರುಗಳಲ್ಲಿ ಯಾವುದು ಬಿರುಕು, ಯಾವುದು ಕೊಂಬು, ಯಾವುದು ದೀರ್ಘ ಎಂಬುದು ಆಗ ಅವರಿಗೂ ನಿಶ್ಚಯವಾಗಿರುವುದಿಲ್ಲ. ಐವತ್ತು ವರ್ಷಗಳ ಮೇಲೆ ಬರುವ ಮತ್ತೊಬ್ಬ ಓದುಗನು ಅದನ್ನು ನಿಶ್ಚಯಿಸಿಯಾನು. ನಷ್ಟಸಹಿತ ಸಂಕೋಚನವು, ನೋಡುವವನಿಗೆ ಏನು ಬೇಕು, ಏನು ಬೇಡ ಎಂಬುದು ಈಗಾಗಲೇ ಗೊತ್ತಿದೆಯೆಂದು ನಂಬಿ ನಡೆಯುತ್ತದೆ. ಮದುವೆಯ ಚಿತ್ರವನ್ನು ಗೆಳೆಯನಿಗೆ ಕಳುಹಿಸುವಾಗ ಆ ನಂಬಿಕೆ ಸರಿಯೇ. ತಾಳೆಗರಿ, ಶಾಸನ, ಹಳೆಯ ಪತ್ರ, ರೋಗಿಯ ಎಕ್ಸ್‌ರೇ, ಜಮೀನಿನ ನಕ್ಷೆ ಇವುಗಳ ವಿಷಯದಲ್ಲಿ, ಮುಂದೆ ಬರುವವನ ಪ್ರಶ್ನೆ ಏನಿರುತ್ತದೆಂಬುದು ನಮಗೆ ತಿಳಿಯದು. ತಿಳಿಯದಿರುವಲ್ಲಿ ಬಿಡುವ ಅಧಿಕಾರವೂ ನಮಗಿಲ್ಲ.

ಆ ಹುಡುಗಿಯ ಅಂಕಪಟ್ಟಿಯನ್ನು, ಅರ್ಜಿಯು ಹಿಂದಿರುಗಿದ ಮರುದಿನ, ನಾವು ಮೂಲ ಕಾಗದದಿಂದಲೇ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿ, ಬಣ್ಣವನ್ನು ತೆಗೆದು ಬೂದುಛಾಯೆಗೆ ತಂದು, ಅಳತೆಯನ್ನು ಓದಲು ಬೇಕಾದಷ್ಟಕ್ಕೆ ಇಳಿಸಿ, ಕೊನೆಯಲ್ಲಿ ಒಂದೇ ಒಂದು ಸಲ, ಗುಣಮಟ್ಟವನ್ನು ಮೇಲೆಯೇ ಇಟ್ಟುಕೊಂಡು ಜೆಪೆಗ್ ಮಾಡಿದಾಗ, ಫೈಲು 100 ಕೆಬಿಯೊಳಗೇ ನಿಂತಿತು. ಅಂಕಿಯೂ ಒತ್ತಕ್ಷರವೂ ತಿಳಿಯಾಗಿ ಓದಿಸಿಕೊಂಡವು. ಅವಧಿ ಮುಗಿಯಲು ಇನ್ನೂ ಎರಡು ದಿನವಿತ್ತು. ಅರ್ಜಿಯು ಅಂಗೀಕೃತವಾಯಿತು.

ಮಸುಕಾದ ಚಿತ್ರವನ್ನು ತಿಳಿಗೊಳಿಸುವುದಾಗಿ ಹೇಳುವ ತಂತ್ರಾಂಶಗಳು ಇಂದು ಬೇಕಾದಷ್ಟಿವೆ. ಅವು ಕೊಡುವುದು ಕಳೆದುಹೋದುದನ್ನಲ್ಲ, ಕಳೆದುಹೋದುದು ಹೀಗಿದ್ದೀತೆಂಬ ಊಹೆಯನ್ನು. ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟು: ಹಂಚುವುದಕ್ಕೆ ಜೆಪೆಗ್ ಬಳಸಿರಿ, ಅಕ್ಷರವಿರುವ ಚಿತ್ರಕ್ಕೆ, ನಕ್ಷೆಗೆ, ಸ್ಕ್ರೀನ್‌ಶಾಟಿಗೆ ಪಿಎನ್‌ಜಿ ಬಳಸಿರಿ, ಮನೆಯ ಹಿರಿಯರ ಚಿತ್ರ, ಆಸ್ತಿಯ ಕಾಗದ, ಹಳೆಯ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿದಾಗ ನಷ್ಟವಿಲ್ಲದ ಒಂದು ಮೂಲಪ್ರತಿಯನ್ನು ಎರಡು ಕಡೆ ಪ್ರತ್ಯೇಕವಾಗಿ ತೆಗೆದಿಡಿರಿ. ಹಸ್ತಪ್ರತಿಗಳನ್ನು ಡಿಜಿಟಲ್ ಮಾಡಿಸುತ್ತಿರುವ ಮಠಗಳೂ ಗ್ರಂಥಾಲಯಗಳೂ ಕೆಲಸವನ್ನು ಗುತ್ತಿಗೆಗೆ ಕೊಡುವ ಮೊದಲು, ಮೂಲಪ್ರತಿಯನ್ನು ಯಾವ ಸ್ವರೂಪದಲ್ಲಿ ಒಪ್ಪಿಸಬೇಕೆಂಬುದನ್ನು ಕರಾರಿನಲ್ಲಿಯೇ ಬರೆಯಿಸಲಿ. ದೊಡ್ಡದರಿಂದ ಚಿಕ್ಕದನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಚಿಕ್ಕದರಿಂದ ದೊಡ್ಡದನ್ನು ಮರಳಿ ಪಡೆಯಲಾಗದು.